ಒರಗಲು ಒಂದು ಬೆನ್ನು

ಬೀದಿಯ ತಿರುವಿನಲ್ಲಿ ಗೋಪಾಲಮ್ಮನಿಗೆ ಮೊದಲು ಕಂಡದ್ದು ಅಪ್ಪನ ಮಂಚ. ಹಾಸಿಗೆ ತೆಗೆದು, ಅದನ್ನು ಹೊರಗೆ ಗೋಡೆಗೆ ನಿಲ್ಲಿಸಿದ್ದರು. ಮಂಚದ ಮೇಲೆ ಜೀವ ಹೋಗಬಾರದು, ಕೊನೆಯ ಹೊತ್ತಿಗೆ ಮನುಷ್ಯನನ್ನು ನೆಲಕ್ಕಿಳಿಸಬೇಕು ಎನ್ನುವುದು ಅವರ ಕಡೆಯ ಪದ್ಧತಿ. ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಹೆಬ್ಬಾಳದಲ್ಲಿ ಬಸ್ಸು ಹತ್ತಿದವಳು ಚಿಕ್ಕಜಾಲದವರೆಗೂ ತೂಕಡಿಸಿದ್ದಳು. ಈಗ ನಿದ್ದೆಯೆಲ್ಲ ಒಮ್ಮೆಗೇ ಬಿಟ್ಟುಹೋಯಿತು.

ಅಂಗಳದಲ್ಲಿ ಹಂಡೆಗೆ ಬೆಂಕಿ ಹಾಕಿದ್ದರು, ಹೆಣಕ್ಕೆ ನೀರು ಹೊಯ್ಯಲು. ಹಂಡೆ ಕೂತಿದ್ದ ಇಟ್ಟಿಗೆಗಳನ್ನು ನೋಡಿ ಅವಳ ಮೈ ಉರಿಯಿತು. ಹೋದ ಸಲ ಬಂದಾಗ ಮಂಚದ ತಲೆದೆಸೆಯ ಕಾಲುಗಳಡಿ ಅವಳೇ ಇಟ್ಟುಹೋಗಿದ್ದ ಇಟ್ಟಿಗೆಗಳು ಅವು. ಅಪ್ಪನ ಹೃದಯ ದಣಿದಿದೆ, ಚಪ್ಪಟೆ ಮಲಗಿಸಿದರೆ ಎದೆಯಲ್ಲಿ ನೀರು ನಿಲ್ಲುತ್ತದೆ, ತಲೆ ಸದಾ ಎತ್ತರದಲ್ಲಿರಲಿ ಎಂದು ಮನೆಯ ಒಬ್ಬೊಬ್ಬರಿಗೂ ಬಿಡಿಸಿ ಹೇಳಿದ್ದಳು. ಎಲ್ಲರೂ ತಲೆಯಾಡಿಸಿದ್ದರು.

ಒಳಗೆ ಅಪ್ಪ ಮುನಿಆಂಜಿನಪ್ಪನನ್ನು ಬರೀ ಚಾಪೆಯ ಮೇಲೆ ತೆಂಕಲಿಗೆ ತಲೆ ಮಾಡಿ ಮಲಗಿಸಿದ್ದರು. ದಿಂಬಿಲ್ಲ. ಸಾರು ಕುದಿಯುವಂಥ ಸದ್ದು ಅವನ ಎದೆಯೊಳಗಿಂದ ಬರುತ್ತಿತ್ತು. ತುಟಿಯ ಅಂಚಿನಲ್ಲಿ ತೆಳುಗೆಂಪು ನೊರೆ. ಅವನ ಅಕ್ಕ ಮುನಿಯಲ್ಲಮ್ಮ ತಲೆಯ ಹತ್ತಿರ ಕೂತು ತುಳಸಿ ನೀರಿನ ಚಮಚವನ್ನು ಅವನ ಬಾಯಿಗೆ ಹಿಡಿದಿದ್ದಳು. ಗೋಪಾಲಮ್ಮ ಚಮಚವನ್ನು ಕಿತ್ತುಕೊಂಡಳು. ನೀರು ಚಾಪೆಯ ಮೇಲೆ ಚೆಲ್ಲಿತು.

"ಬಾಯಾರ್ಕೊಂಡು ಓಗ್ಬಾರ್ದು ಕಣಮ್ಮಿ," ಎಂದಳು ಮುನಿಯಲ್ಲಮ್ಮ.

"ನೀರೇ ಅತ್ತೆ ಅಪ್ಪನ್ನ ಕೊಲ್ತಿರೋದು. ಎದೆ ತುಂಬಾ ನೀರೈತೆ. ಅದರ ಮೇಲೆ ನೀನೂ ಬಿಡ್ತಾ ಕೂತಿದ್ದೀಯ."

ಅಣ್ಣ ಆನಂದಪ್ಪ ಬಾಗಿಲಲ್ಲಿ ನಿಂತಿದ್ದ. ಉಸಿರು ಮೇಲಕ್ಕೆ ಬಂದಾಗಿದೆ, ಹಿರಿಯರೆಲ್ಲ ನೋಡಿ ಇನ್ನಿಲ್ಲ ಅಂದಿದ್ದಾರೆ, ನೀನು ನರ್ಸೇ ಹೊರತು ಡಾಕ್ಟರಲ್ಲ, ನೆಮ್ಮದಿಯಾಗಿ ಹೋಗಲು ಬಿಡು ಎಂದ. ಯಲಹಂಕದಿಂದ ಡಾಕ್ಟರನ್ನು ಕರೆಸಿದೆಯಾ ಎಂದು ಅವಳು ಕೇಳಿದಳು. ಅವನ ಹಿಂದೆ ಗೋಡೆಗೆ ಚಟ್ಟದ ಎರಡು ಹಸಿ ಬಿದಿರು ಒರಗಿದ್ದವು.

"ಬಿದಿರು ತರೋಕೆ ಕಾಲು ಬಂತು," ಎಂದಳು ಗೋಪಾಲಮ್ಮ. "ಡಾಕ್ಟರತ್ರ ಓಗೋಕೆ ಬರ್ಲಿಲ್ಲ. ಬಾ, ಅಪ್ಪನ ಕಂಕುಳಿಗೆ ಕೈ ಹಾಕು. ಅಳೋದಿದ್ರೆ ಆಮೇಲೆ ಅಳು."

ಆನಂದಪ್ಪ ಬಗ್ಗಿದ. ಅವಳ ದನಿಯಲ್ಲಿ ಏನಿತ್ತೋ, ಇನ್ನಿಬ್ಬರು ನೆಂಟರೂ ಕೈ ಹಾಕಿದರು. ಮಂಚವನ್ನು ಒಳಗೆ ತನ್ನಿ ಎಂದಾಗ ಮಾತ್ರ ಮುನಿಯಲ್ಲಮ್ಮ ಹೊಸಿಲಿಗೆ ಅಡ್ಡ ನಿಂತಳು. ಒಮ್ಮೆ ಇಳಿಸಿದವನನ್ನು ಮತ್ತೆ ಮಂಚ ಹತ್ತಿಸಬಾರದು, ಮನೆಯಲ್ಲಿ ಇನ್ನೊಂದು ಹೆಣ ಬೀಳುತ್ತದೆ ಎಂದಳು. ವಾದಕ್ಕೆ ಪುರಸೊತ್ತಿರಲಿಲ್ಲ. ಮಂಚ ನಿಮಗೇ ಇರಲಿ ಎಂದು ಗೋಪಾಲಮ್ಮ ಅಪ್ಪನನ್ನು ಹೊರಗಿನ ಜಗಲಿಗೆ ಹೊರಿಸಿದಳು. ಬೀದಿಯೇ ನೋಡುವಂತೆ ಅಂಚಿನಲ್ಲಿ ಕೂರಿಸಿ ಕಾಲುಗಳನ್ನು ಕೆಳಗೆ ಇಳಿಬಿಟ್ಟಳು. ಗೋಡೆ ದೂರವಾಯಿತು. ಕೈ ಬಿಟ್ಟೊಡನೆ ಅವನು ಹಿಂದಕ್ಕೆ ವಾಲಿದ.

"ಅತ್ತೆ, ಇಲ್ಲಿ ಬಾ. ಅಪ್ಪನ ಹಿಂದೆ ಆ ಕಡೆ ಮುಖ ಮಾಡಿ ಕೂತ್ಕೋ. ಬೆನ್ನು ಕೊಡು."

ಮುನಿಯಲ್ಲಮ್ಮ ಸುತ್ತ ನೋಡಿದಳು. ಬೇರೆ ಯಾರೂ ಮುಂದೆ ಬರದಿದ್ದಾಗ ಸೆರಗು ಸಿಕ್ಕಿಸಿಕೊಂಡು ಜಗಲಿ ಹತ್ತಿ ಕೂತಳು. ತಮ್ಮನ ಭಾರ ಅವಳ ಬೆನ್ನಿನ ಮೇಲೆ ಬಿತ್ತು.

ಈಗ ಬೇಕಾದದ್ದು ಎದೆಯ ನೀರು ಇಳಿಸುವ ಇಂಜೆಕ್ಷನ್. ಅದು ಗೋಪಾಲಮ್ಮನ ಬಳಿ ಇರಲಿಲ್ಲ. ಅದು ಕೈಗೆ ಬರುವ ತನಕ ವಾರ್ಡಿನಲ್ಲಿ ಏನು ಮಾಡುತ್ತಾರೋ ಅದನ್ನು ಮಾಡಬಹುದಿತ್ತು. ಕೈಕಾಲುಗಳಿಂದ ಹೃದಯಕ್ಕೆ ಮರಳುವ ರಕ್ತವನ್ನು ಸ್ವಲ್ಪ ಹೊತ್ತು ಅಲ್ಲಲ್ಲೇ ತಡೆದರೆ ಹೃದಯದ ಹೊರೆ ಇಳಿಯುತ್ತದೆ. ನಾಲ್ಕರಲ್ಲಿ ಮೂರಕ್ಕೆ ಕಟ್ಟಿ ಒಂದನ್ನು ಬಿಡಬೇಕು. ಆಗಾಗ ಒಂದನ್ನು ಬಿಚ್ಚಿ, ಬಿಟ್ಟದ್ದಕ್ಕೆ ಕಟ್ಟುತ್ತ ಸುತ್ತು ಬರಬೇಕು. ಕಟ್ಟಲು ಬಟ್ಟೆಗಾಗಿ ಹುಡುಕಿದಳು. ಕಿಟಕಿಯಲ್ಲಿ ಆನಂದಪ್ಪ ತಂದಿಟ್ಟಿದ್ದ, ಹೆಣಕ್ಕೆ ಹೊದಿಸುವ ಹೊಸ ಬಿಳಿ ಬಟ್ಟೆ ಇತ್ತು. ಹಲ್ಲಿನಿಂದ ಅಂಚು ಸೀಳಿ ಪರ್ರನೆ ಹರಿದಳು.

ಎರಡೂ ತೊಡೆಗಳಿಗೆ, ಒಂದು ತೋಳಿಗೆ ಪಟ್ಟಿ ಬಿಗಿದು, ಪ್ರತಿ ಕಟ್ಟಿನ ಕೆಳಗೂ ನಾಡಿ ಸಿಗುತ್ತಿದೆಯೇ ಎಂದು ಬೆರಳಿಟ್ಟು ನೋಡಿದಳು. ಹಾರ ತಂದಿದ್ದ ಕದಿರಪ್ಪ, ಅಪ್ಪನ ಗೆಳೆಯ, ಬೀದಿಯಲ್ಲೇ ನಿಂತುಬಿಟ್ಟಿದ್ದ.

"ಇದೇನವ್ವಾ, ಜೀವ ಇರುವಾಗ್ಲೇ ಕಟ್ತಾ ಇದ್ದೀಯ?"

"ನೀವು ಜೀವ ಇರುವಾಗ್ಲೇ ಆರ ತಂದಿಲ್ವಾ?"

ಕದಿರಪ್ಪ ಹಾರವನ್ನು ಬೆನ್ನ ಹಿಂದೆ ಮಾಡಿಕೊಂಡ. ಪಕ್ಕದ ಮನೆಯ ವಹಾಬ್, ದ್ರಾಕ್ಷಿ ಸಾಗಿಸುವ ಮೆಟಡಾರಿನವನು, ಅಷ್ಟರಲ್ಲಿ ಯಾರೂ ಹೇಳದೆಯೇ ತನ್ನ ಗಾಡಿಯಿಂದ ಬುಟ್ಟಿಗಳನ್ನು ಇಳಿಸತೊಡಗಿದ್ದ.

ಎರಡನೆಯ ಸುತ್ತು ಕಟ್ಟು ಬದಲಿಸುವಾಗ ಎದೆಯ ಸದ್ದು ಕೊಂಚ ತಗ್ಗಿತು. ಮುನಿಆಂಜಿನಪ್ಪ ಕಣ್ಣು ತೆರೆದ. ಮಗಳನ್ನಲ್ಲ, ಗೆಳೆಯನ ಬೆನ್ನ ಹಿಂದಿನಿಂದ ಜೋತಾಡುತ್ತಿದ್ದ ಹೂವನ್ನು ನೋಡಿದ.

"ಯಾರಿಗ್ಲಾ... ಅದು?"

"ದೇವ್ರಿಗೆ ಕಣಣ್ಣ," ಎಂದ ಕದಿರಪ್ಪ.

ಯಾರೋ ಬಿಕ್ಕಿದರು, ಯಾರೋ ನಕ್ಕರು. ಗೋಪಾಲಮ್ಮನಿಗೆ ಎರಡೂ ಬೇಡವಾಗಿತ್ತು. ಅಪ್ಪನ ಬಾಯಿ ಒರೆಸಿ, ಮಾತಾಡಬೇಡ ಎಂದಳು. ಮುಖ ತಿರುಗಿಸದೆ ಮುನಿಯಲ್ಲಮ್ಮ ಮೆಲ್ಲಗೆ ಮಾತಾಡಿದಳು.

"ನನ್ ಗಂಡುಂಗೆ ಆಸ್ಪತ್ರೇಲಿ ಯಾರೂ ಒಂದ್ ತೊಟ್ಟು ನೀರು ಬಿಡ್ಲಿಲ್ಲ ಕಣಮ್ಮಿ. ಸುತ್ತಿ ಕಳಿಸಿದ್ರು."

"ಗೊತ್ತು," ಎಂದಳು ಗೋಪಾಲಮ್ಮ. "ಅಲ್ಲಾಡ್ಬೇಡ."

ಸಿಟ್ಟು ಇಳಿದಿರಲಿಲ್ಲ. ಮೆಟಡಾರ್ ಜಗಲಿಗೆ ಹಿಂಬದಿ ಮಾಡಿ ನಿಂತಾಗಲೂ, ಅಪ್ಪನನ್ನು ಕೂತ ಹಾಗೇ ಎತ್ತಿ ಒಳಗಿಡುವಾಗಲೂ ಅವಳು ಅಣ್ಣನ ಮುಖ ನೋಡಲಿಲ್ಲ. ಗಾಡಿಯ ನೆಲದ ಮೇಲೆ ಹಾಸಿಗೆಯ ಸುರುಳಿ ಇಟ್ಟು ಅಪ್ಪನನ್ನು ಅದರ ಮೇಲೆ ಕೂರಿಸಿದಳು. ಒರಗಿಸಲು ಖಾಲಿ ಬುಟ್ಟಿಯೊಂದನ್ನು ಎಳೆದುಕೊಳ್ಳುತ್ತಿದ್ದಾಗ ಮುನಿಯಲ್ಲಮ್ಮ ಮಂಡಿಯೂರಿ ಗಾಡಿ ಹತ್ತಿದಳು. ಬುಟ್ಟಿಯನ್ನು ಪಕ್ಕಕ್ಕೆ ದೂಡಿ, ಯಾರನ್ನೂ ಕೇಳದೆ, ತಮ್ಮನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು.

ಗಾಡಿ ಆಸ್ಪತ್ರೆಯ ಕಡೆ ಹೊರಟಿತು. ಹಿಂದೆ ಅಂಗಳದಲ್ಲಿ ಹಂಡೆಯ ನೀರು ಹಬೆಯಾಡುತ್ತಿತ್ತು. ಗೋಪಾಲಮ್ಮ ಒಂದು ಕಟ್ಟು ಬಿಚ್ಚಿ ಇನ್ನೊಂದು ಬಿಗಿದು ತಲೆಯೆತ್ತಿದಳು. ಕಣ್ಣು ಮುಚ್ಚಿದ್ದ ಅತ್ತೆಯ ಭುಜಗಳು ಅಪ್ಪನ ಒಂದೊಂದು ಉಸಿರಿಗೂ ಏರಿ ಇಳಿಯುತ್ತಿದ್ದವು.