ದುಂಡು ಮೇಜಿನ ಕೋಬೆಸ್

ಕೊಲೋನ್ ಊರಿನಲ್ಲಿ ಕಾರ್ನಿವಲ್ ಹಬ್ಬದ ಮೊದಲ ಗುರುವಾರ ಹೆಂಗಸರದು. ಅಂದು ಅವರು ಯಾವ ಗಂಡಸಿನ ಟೈ ಬೇಕಾದರೂ ಕತ್ತರಿಸಬಹುದು, ಯಾರೂ ಚಕಾರ ಎತ್ತುವಂತಿಲ್ಲ. ಆದರೆ ಹೆಂಗಸೊಬ್ಬಳು ಬಿಯರ್ ಮನೆಯಲ್ಲಿ ಕೋಬೆಸ್ ಆಗುವುದೆಂದರೆ ಬೇರೆ ಮಾತು. ಕೋಬೆಸ್ ಎಂದರೆ ಬಿಯರ್ ತಂದುಕೊಡುವವನು, ನಿಜ. ಆದರೆ ಆ ಊರಿನಲ್ಲಿ ಬಿಷಪ್ಪರನ್ನೂ ಮುಖದ ಮೇಲೆ ಗೇಲಿ ಮಾಡಿ ದಕ್ಕಿಸಿಕೊಳ್ಳಬಲ್ಲವನು ಅವನೊಬ್ಬನೇ. ಒಂದು ಚರ್ಚನ್ನು ಆರುನೂರು ವರ್ಷ ಕಟ್ಟಿದ ಊರು ಅದು. ಹೊಸದಕ್ಕೆ ಅಲ್ಲಿ ಯಾರಿಗೂ ಅವಸರವಿಲ್ಲ.

ಬಿಲ್ಲಾ ಪ್ಯೂಟ್ಸ್‌ಗೆ ಅವಸರವಿತ್ತು. ಬ್ರಾಯರನ ಬಿಯರ್ ಮನೆಯ ಹಿಂಬದಿಯಲ್ಲಿ ಹತ್ತೊಂಬತ್ತು ವರ್ಷ ಗ್ಲಾಸು ತೊಳೆದು ಅವಳ ಕೈ ಸವೆದಿತ್ತು. ಹಿಂದಿನ ದಿನ ಮುಖ್ಯ ಕೋಬೆಸ್ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡ. ಹಬ್ಬದ ದಿನ ಬದಲಿ ಆಳು ಎಲ್ಲಿ ಸಿಗುತ್ತಾನೆ? "ನಾನು ಮಾಡ್ತೀನಿ" ಎಂದಳು ಬಿಲ್ಲಾ.

ಯಜಮಾನ ಬ್ರಾಯರ್ ತಲೆ ಕೆರೆದುಕೊಂಡ. "ದುಂಡು ಮೇಜಿನವರು ನಿನ್ನನ್ನ ಕೋಬೆಸ್ ಅಂತ ಕರೀಬೇಕು. ಕರೆದ್ರೆ ಕೆಲಸ ನಿಂದೇ, ಜೀವಮಾನಕ್ಕೆ. ಸಂಜೆವರೆಗೂ ಅಮ್ಮಣ್ಣಿ ಅಂತಲೇ ಅಂದ್ರೋ, ವಾಪಸ್ ಗ್ಲಾಸು ತೊಳೆಯೋ ತೊಟ್ಟಿಗೆ. ಆಮೇಲೆ ಈ ಮಾತೇ ಎತ್ತಬಾರದು."

ದುಂಡು ಮೇಜೆಂದರೆ ದಿನನಿತ್ಯದ ಗಿರಾಕಿಗಳು, ಅವರ ತಲೆಯಾಳು ಡ್ರಿಕೆಸ್. ನಿವೃತ್ತ ಟ್ರಾಮ್ ಚಾಲಕ, ಪೊದೆ ಮೀಸೆ, ಹೊಸಬರ ನೀರಿಳಿಸುವುದರಲ್ಲಿ ನಿಸ್ಸೀಮ. ಬಿಲ್ಲಾ ಹೋದಾಗ ಅವನ ಗ್ಲಾಸು ಖಾಲಿಯಾಗಿತ್ತು. ಗಾಬರಿಯಲ್ಲಿ ಅವಳ ಬಾಯಿಂದ ಬಂತು: "ಇನ್ನೊಂದು ತರಲಾ?"

ಇಡೀ ಮೇಜು ಅವಳತ್ತ ತಿರುಗಿತು. ಕೊಲೋನಿನಲ್ಲಿ ಹಾಗೆ ಕೇಳುವವರಿಲ್ಲ. ಗ್ಲಾಸು ಖಾಲಿಯಾದರೆ ತುಂಬಿದ್ದು ತಾನಾಗಿ ಬಂದು ಕೂರಬೇಕು. ಸಾಕೆನ್ನುವವನು ಗ್ಲಾಸಿನ ಮೇಲೆ ರಟ್ಟಿನ ಬಿಲ್ಲೆ ಮುಚ್ಚಬೇಕು. ಅದು ಬಿಟ್ಟು ವಿಚಾರಿಸುವುದೆಂದರೆ ಅವಮಾನ.

"ಏನಮ್ಮಣ್ಣೀ, ಇದು ಆಸ್ಪತ್ರೆನಾ?" ಎಂದ ಡ್ರಿಕೆಸ್. "ಜ್ವರ ಎಷ್ಟಿದೆ ಅಂತಾನೂ ಕೇಳಿಬಿಡು!"

ಮೇಜು ಗೊಳ್ಳೆಂದಿತು. ಬಾಗಿಲ ಬಳಿ ಬ್ರಾಯರ್ ನಿಟ್ಟುಸಿರು ಬಿಟ್ಟ. ಬಿಲ್ಲಾಳ ಕಿವಿ ಕೆಂಪಾದವು. ಆದರೆ ಅವಳು ಹಿಂದಿರುಗಲಿಲ್ಲ. ಅಲ್ಲಿಂದಾಚೆಗೆ ಎರಡು ಗಂಟೆ ಕಾಲ ಆ ಮೇಜಿನಲ್ಲಿ ಒಂದು ಗ್ಲಾಸೂ ಖಾಲಿ ನಿಲ್ಲಲಿಲ್ಲ. ಒಬ್ಬ ಬೇಗ ತರಲಿಲ್ಲವೆಂದು ಗೊಣಗಿದ. "ನಿನ್ನ ಮದುವೆ ಆದವಳು ಇನ್ನೂ ಕಾಯ್ತಾನೇ ಇದಾಳೆ, ನಿಂಗೇನು ಅವಸರ?" ಎಂದು ಬಾಯಿ ಮುಚ್ಚಿಸಿದಳು. ಎಲ್ಲರೂ ನಕ್ಕರು, ಡ್ರಿಕೆಸ್ ಒಬ್ಬನನ್ನು ಬಿಟ್ಟು.

ಅವನು ಕೊನೆಯ ಅಸ್ತ್ರ ತೆಗೆದ. "ಅಮ್ಮಣ್ಣೀ, ನಂಗೆ ನೀರು ಕೊಡು."

ಬಿಯರ್ ಮನೆಯಲ್ಲಿ ನೀರು! ಇದಕ್ಕೆ ತಕ್ಕ ಉತ್ತರ ಕೊಡದವನು ಕೋಬೆಸೇ ಅಲ್ಲ. ಮೇಜಿನವರೆಲ್ಲ ಮುಂದಕ್ಕೆ ಬಾಗಿದರು.

ಬಿಲ್ಲಾ ಸೊಂಟದ ಮೇಲೆ ಕೈಯಿಟ್ಟಳು. "ಡ್ರಿಕೆಸ್, ಮೀಸೆಗೆ ಮೇಣ ಹಚ್ಚೋನು ಈ ಮನೇಲಿ ನೀನೊಬ್ಬನೇ. ಆ ಮೇಣ ಅಂಟಿದ ನಿನ್ನ ಗ್ಲಾಸು ಉಜ್ಜಿ ಉಜ್ಜಿ ನನ್ನ ಉಗುರು ಹೋಗಿದೆ. ನಿನ್ನ ಹೆಂಡ್ತಿ ನೆಟ್ಟಾನ ಮಣ್ಣು ಮಾಡಿದ ದಿನ ಹದಿನಾಲ್ಕು ಮೇಣದ ಗ್ಲಾಸು ನನ್ನ ತೊಟ್ಟಿಗೆ ಬಂತು. ಆವತ್ತೂ ನೀನು ನೀರು ಕೇಳ್ಲಿಲ್ಲ. ಇವತ್ತು ಕೇಳ್ತಿದೀಯ. ಪಾದ್ರಿನ ಕರೆಸಲಾ, ಇಲ್ಲ ನೇರ ಹೆಣದ ಪೆಟ್ಟಿಗೆ ಮಾಡೋನನ್ನೇ?"

ಯಾರೂ ನಗಲಿಲ್ಲ. ನೆಟ್ಟಾಳ ಹೆಸರನ್ನು ಆ ಮೇಜಿನಲ್ಲಿ ನಾಲ್ಕು ವರ್ಷದಿಂದ ಯಾರೂ ಎತ್ತಿರಲಿಲ್ಲ. ಡ್ರಿಕೆಸನ ಮೀಸೆ ಅದುರಿತು. ಮಿತಿ ಮೀರಿದೆನೇ ಎಂದು ಬಿಲ್ಲಾ ಸೊಂಟದ ಮೇಲಿನ ಕೈ ಇಳಿಸಿದಳು.

"ಹದಿನಾಲ್ಕಲ್ಲ," ಎಂದ ಡ್ರಿಕೆಸ್ ನಿಧಾನವಾಗಿ, "ಹದಿನೈದು. ಒಂದು ಒಡೆದುಹೋಯ್ತು." ಕಣ್ಣಲ್ಲಿ ನೀರು ಬರುವವರೆಗೂ ನಕ್ಕ, ನಕ್ಕು ಮೇಜು ಗುದ್ದಿದ. "ಕೋಬೆಸ್! ನೀನೂ ಒಂದು ಕುಡಿ, ನನ್ನ ಲೆಕ್ಕದಲ್ಲಿ!"

"ಕೋಬೆಸ್!" ಎಂದಿತು ಮೇಜು. "ಕೋಬೆಸ್!" ಎಂದಿತು ಪಕ್ಕದ ಮೇಜು, ಅದರಾಚೆಯದು, ಬೀದಿಯಲ್ಲಿ ಕತ್ತರಿ ಹಿಡಿದು ನಿಂತಿದ್ದ ಹೆಂಗಸರು. ಬಿಲ್ಲಾ ಗ್ಲಾಸನ್ನು ಒಂದೇ ಗುಟುಕಿಗೆ ಮುಗಿಸಿ ತಲೆಯೆತ್ತಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

"ಯಜಮಾನ್ರೇ, ಏನ್ ಬಾಯಿ ಬಿಟ್ಕೊಂಡು ನಿಂತಿದೀರಿ?" ಎಂದು ಕೂಗಿದಳು. "ಹಿಂದ್ಗಡೆ ತೊಟ್ಟಿ ಹತ್ರ ಯಾರೂ ಇಲ್ಲ. ಗ್ಲಾಸು ಖಾಲಿಯಾಗ್ತಿವೆ!"

ಬ್ರಾಯರ್ ಅಂಗಿಯ ತೋಳು ಮಡಚಿ ಗ್ಲಾಸು ತೊಳೆಯಲು ಹೋದ.