ಗನ್‌ಮ್ಯಾನ್ ಹೆಂಡತಿ ಕೊಟ್ಟ ಒಂದು ಸ್ಟಾರ್

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬೆಳಗಿನ ಏಳೂವರೆ ಬಸ್ಸಿನಲ್ಲಿ ಎಡಗಡೆಯ ಮೂರನೇ ಮತ್ತು ನಾಲ್ಕನೇ ಸೀಟು ನಾಲ್ವರು ಹೆಂಗಸರ ಸ್ವಂತ ಆಸ್ತಿ. ಅಲ್ಲಿ ಬೇರೆಯವರನ್ನು ಕೂಡಿಸುವ ಧೈರ್ಯ ಕಂಡಕ್ಟರನಿಗೂ ಇಲ್ಲ. ಒಬ್ಬಳು ಕಹಕಶಾನ್, ಉರ್ದು ಶಾಲೆಯ ಟೀಚರು, ಆದರೆ ಕನ್ನಡ ಓದಲು ಕೂತರೆ ರೇಡಿಯೊ ಹಚ್ಚಿದಂತೆ. ಇನ್ನೊಬ್ಬಳು ಗದ್ದೆಮ್ಮ, ಅಂಗನವಾಡಿ ಮೇಲ್ವಿಚಾರಕಿ, ನಿವೃತ್ತಿಗೆ ಎರಡೇ ವರ್ಷ ಬಾಕಿ. ಬಸ್ಸು ಊರು ದಾಟುತ್ತಿದ್ದಂತೆ ಕಣ್ಣು ಮುಚ್ಚುತ್ತಾಳೆ, ಕಿವಿ ಮುಚ್ಚುವುದಿಲ್ಲ. ಮೂರನೆಯವಳು ಪೂರ್ಣಶ್ರೀ, ಗೂಗಲ್ ಎಂಬ ಹಳ್ಳಿಯ ಶಾಲೆಯ ಟೀಚರು, ಮೂವತ್ನಾಲ್ಕು ವರ್ಷ, ಮಠದ ಓಣಿಯ ಆಚಾರ್ಯರ ಮನೆಯ ಮಗಳು, ಇನ್ನೂ ಮದುವೆಯಾಗಿಲ್ಲ. ನಾಲ್ಕನೆಯವಳು ಸುಜಾತಾ. ತವರು ಬಾಗಲವಾಡ. ಕೂಲಿ ಮಾಡಿದ ಅವ್ವ ಓದಿಸಿದ್ದಕ್ಕೆ ಇವತ್ತು ದೇವದುರ್ಗದ ಶಿಕ್ಷಣ ಕಚೇರಿಯಲ್ಲಿ ಗುಮಾಸ್ತೆ. ಈ ಕಥೆಯಲ್ಲಿ ಹೊಟ್ಟೆ ಉರಿಸಿಕೊಂಡವಳು ಇವಳೇ.

ಉರಿಗೆ ಮೂಲ ಒಂದು ಕಾದಂಬರಿ. ಹೆಸರು ‘ಅವನ ಕಣ್ಗಾವಲಿನಲ್ಲಿ’. ಮೊಬೈಲಿನಲ್ಲಿ ದಿನಕ್ಕೊಂದು ಕಂತು ಬರುತ್ತದೆ. ಅದರಲ್ಲಿ ಶೌರ್ಯ ಎಂಬ ಬಾಡಿಗಾರ್ಡು, ಆಹನಾ ಎಂಬ ಶ್ರೀಮಂತರ ಮಗಳು. ಗುಂಡು ಆಕೆಯ ಕಡೆ ಬಂದರೆ ಇವನು ಅಡ್ಡ ನಿಲ್ಲುತ್ತಾನೆ, ಮಳೆ ಆಕೆಯ ಕಡೆ ಬಂದರೂ ಇವನು ಅಡ್ಡ ನಿಲ್ಲುತ್ತಾನೆ. ಕಹಕಶಾನ್ ಕಂತನ್ನು ದೊಡ್ಡದಾಗಿ ಓದುವುದು, ಆಮೇಲೆ ಕೆಳಗಿನ ಓದುಗರ ಅಭಿಪ್ರಾಯಗಳನ್ನೂ ಒಂದೂ ಬಿಡದೆ ಓದುವುದು, ಕೊನೆಗೆ ನಾಲ್ವರೂ ಕೂಡಿ ತಮ್ಮದೊಂದು ಅಭಿಪ್ರಾಯ ತೀರ್ಮಾನಿಸುವುದು, ಅದನ್ನು ‘ಏಳೂವರೆ ಬಸ್ಸಿನ ಗೆಳತಿಯರು’ ಎಂಬ ಹೆಸರಿನಲ್ಲಿ ಹಾಕುವುದು. ಎಷ್ಟು ಸ್ಟಾರ್ ಕೊಡಬೇಕು ಎಂಬ ಕೊನೆಯ ಮಾತು ಗದ್ದೆಮ್ಮನದು. ಕಣ್ಣು ಮುಚ್ಚಿಕೊಂಡೇ ನಾಕು ಹಾಕು ಅನ್ನುತ್ತಾಳೆ. ಐದು ಕೊಟ್ಟರೆ ಬರೆಯುವಾಕೆಗೆ ಸೊಕ್ಕು ಬರುತ್ತದಂತೆ.

ಒಂದು ದಿನ ಶೌರ್ಯ ಬಲಗೈಯಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದ. ಸುಜಾತಾಳ ಬಾಯಿಂದ ಮಾತು ಜಾರಿತು. ಗನ್‌ಮ್ಯಾನ್ ಆದವರು ಚಹಾ ಎಡಗೈಯಲ್ಲೇ ಕುಡಿಯುವುದು, ಬಲಗೈ ಪಿಸ್ತೂಲಿಗೆ ಖಾಲಿ ಇರಬೇಕು, ನಮ್ಮ ಮನೆಯವರು ಮನೆಯಲ್ಲೂ ಹಾಗೇ ಕುಡಿಯುತ್ತಾರೆ ಅಂದಳು. ಮೂರು ತಲೆಗಳೂ ಒಟ್ಟಿಗೆ ತಿರುಗಿದವು. ಗದ್ದೆಮ್ಮನದು ಕಣ್ಣು ಮುಚ್ಚಿಕೊಂಡೇ ತಿರುಗಿತು.

ಸುಜಾತಾಳ ಗಂಡ ಹುಲಿಗೇಶ ಸಶಸ್ತ್ರ ಪಡೆಯ ಹೆಡ್ ಕಾನ್‌ಸ್ಟೆಬಲ್. ಆರು ವರ್ಷದಿಂದ ಒಬ್ಬ ರಾಜಕಾರಣಿಯ ಬೆನ್ನ ಹಿಂದೆ ಗನ್‌ಮ್ಯಾನ್ ಆಗಿ ನಿಂತಿದ್ದಾನೆ. ಇದನ್ನು ಮೂರು ವರ್ಷ ಬಸ್ಸಿನಲ್ಲಿ ಹೇಳದೆ ಉಳಿದದ್ದಕ್ಕೆ ಕಾರಣ ಸರಳ, ಹೇಳಲು ಏನೂ ಇರಲಿಲ್ಲ. ಮುಂಜಾನೆ ಹೆಂಡತಿ ಏಳುವ ಮೊದಲೇ ಹೋಗುತ್ತಾನೆ, ರೊಟ್ಟಿ ಆರಿದ ಮೇಲೆ ಬರುತ್ತಾನೆ. ಮಾತು ಕಡಿಮೆ. ಕೇಳಿದರೆ ಹೂಂ, ಕೇಳದಿದ್ದರೆ ಅದೂ ಇಲ್ಲ.

ಆದರೆ ಅವತ್ತಿನಿಂದ ಬಸ್ಸಿನಲ್ಲಿ ಸುಜಾತಾಳ ದರಬಾರು ಶುರುವಾಯಿತು. ಕಂತು ಮುಗಿಯುತ್ತಿದ್ದಂತೆ ಎಲ್ಲರೂ ಅವಳ ಬಾಯಿ ನೋಡುವರು. ನಿಜ ಸಂಗತಿ ಮೂರು ದಿನಕ್ಕೆ ಮುಗಿದುಹೋಯಿತು. ನಾಲ್ಕನೆಯ ದಿನದಿಂದ ಅವಳು ನೆಂಟರು ಹೆಚ್ಚಾದಾಗ ಬ್ಯಾಳಿಗೆ ನೀರು ಬೆರೆಸುವಂತೆ ಬೆರೆಸತೊಡಗಿದಳು. ಗೋಡೆಗೆ ಸುಣ್ಣ ಹೊಡೆಯುವಾಗ ಏಣಿಯಿಂದ ಬಿದ್ದು ಆದ ಹೆಗಲ ಗಾಯ ಮಾನ್ವಿಯ ಗಲಾಟೆಯಲ್ಲಿ ತಿಂದ ಚಾಕುವಿನ ಏಟಾಯಿತು. ದಿನಕ್ಕೆ ಮೂರು ಸಲ ಫೋನು ಮಾಡಿ ಊಟವಾಯಿತೇ ಎಂದು ಕೇಳುವ ಗಂಡನೂ ಹುಟ್ಟಿಕೊಂಡ. ನಲವತ್ತೊಂದನೆಯ ಕಂತಿನಲ್ಲಿ ಶೌರ್ಯ ಸಾವಿರ ಜನ ಸೇರಿದ ಮದುವೆ ಮಂಟಪದಲ್ಲಿ ಆಹನಾಳನ್ನು ಒಂದೇ ನೋಟಕ್ಕೆ ಹುಡುಕಿದಾಗ ಕಹಕಶಾನ್ ಎದೆ ಮೇಲೆ ಕೈಯಿಟ್ಟುಕೊಂಡಳು. ಸುಜಾತಾ ಸುಮ್ಮನಿದ್ದರೆ ಆಗುತ್ತಿತ್ತು.

“ನಮ್ಮ ಮನಿಯವರೂ ಅಷ್ಟ. ಎಷ್ಟ ಮಂದಿ ಇರ್ಲಿ, ಅವರ ಕಣ್ಣು ಮೊದಲ ನನ್ನ ಹುಡುಕ್ತದ,” ಅಂದಳು.

ಎಲ್ಲರಿಗಿಂತ ಹೆಚ್ಚು ಕೇಳುವವಳು ಪೂರ್ಣಶ್ರೀ. ಅವರು ನಗುತ್ತಾರೋ ಇಲ್ಲವೋ, ಯಾವ ಬಣ್ಣದ ಅಂಗಿ ಹಾಕುತ್ತಾರೆ, ಊಟಕ್ಕೆ ಏನು ಇಷ್ಟ. ಮೊದಮೊದಲು ಸುಜಾತಾಳಿಗೆ ಹೆಮ್ಮೆಯಾಗುತ್ತಿತ್ತು. ಊಟದ ಪ್ರಶ್ನೆ ಬಂದ ದಿನ ಆ ಹೆಮ್ಮೆ ಇಳಿಯಿತು. ಕಂಡವರ ಗಂಡ ಏನು ತಿಂದರೆ ಇವಳಿಗೇನು? ಬೆಳ್ಳಗೆ, ತೆಳ್ಳಗೆ, ಇಸ್ತ್ರಿ ಮುರಿಯದ ಸೀರೆ, ಸೋಮವಾರವೂ ದಣಿಯದ ಮುಖ. ಬೆಳ್ಳುಳ್ಳಿ ಖಾರ ಇಲ್ಲದಿದ್ದರೆ ನಮ್ಮವರಿಗೆ ಜೋಳದ ರೊಟ್ಟಿ ಇಳಿಯುವುದಿಲ್ಲ ಅಂದಳು ಸುಜಾತಾ. ನಮ್ಮ ಮನೆಯೊಳಗೆ ಬೆಳ್ಳುಳ್ಳಿ ಬರುವುದೇ ಇಲ್ಲ ಎಂದು ಪೂರ್ಣಶ್ರೀ ಮುಖ ಸಣ್ಣಗೆ ಮಾಡಿದಳು. ಅವತ್ತು ಸುಜಾತಾಳಿಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಹೀಗಿರುವಾಗ ಪೂರ್ಣಶ್ರೀಯ ಶಾಲೆಯ ಹೊಸ ಕೋಣೆಗಳ ಉದ್ಘಾಟನೆ ಬಂತು. ಬರುವವರು ಹುಲಿಗೇಶನ ಸಾಹೇಬರೇ. ಸುಜಾತಾಳ ಕಚೇರಿಯವರೆಲ್ಲ ಹೋಗಲೇಬೇಕು. ಕಹಕಶಾನ್ ಮತ್ತು ಗದ್ದೆಮ್ಮ ಅರ್ಧ ದಿನ ರಜೆ ಹಾಕಿ ಬಂದರು. ಸಾಹೇಬರನ್ನು ನೋಡಲು ಅಲ್ಲ, ಸಾಹೇಬರ ಹಿಂದೆ ನಿಲ್ಲುವವನನ್ನು ನೋಡಲು. ಅವತ್ತು ಬೆಳಿಗ್ಗೆ ಗಡಿಬಿಡಿಯಲ್ಲಿ ಸುಜಾತಾ ಈಳಿಗೆಯ ಮೇಲೆ ಹೆಬ್ಬೆರಳು ಕೊಯ್ದುಕೊಂಡಿದ್ದಳು. ಬಟ್ಟೆ ಸುತ್ತಿ, ಹಸಿರು ಬಳೆ ತೊಟ್ಟು, ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಶಾಮಿಯಾನದ ಎರಡನೇ ಸಾಲಿನಲ್ಲಿ ನಾಲ್ವರೂ ಕೂತರು.

ಹುಲಿಗೇಶ ಸಫಾರಿ ಅಂಗಿ ತೊಟ್ಟು ಬಂದು ಸಾಹೇಬರ ಎಡಗಡೆ, ಅರ್ಧ ಹೆಜ್ಜೆ ಹಿಂದೆ ನಿಂತ. ಕಣ್ಣು ಸಾಲು ಸಾಲಾಗಿ ಸರಿಯತೊಡಗಿತು. ಮೊದಲ ಸಾಲು ಮುಗಿಯಿತು. ಎರಡನೆಯದು ಹಿಡಿಯಿತು. ಗದ್ದೆಮ್ಮ, ಕಹಕಶಾನ್, ಸುಜಾತಾ. ಸುಜಾತಾಳ ಮೇಲೆ ಬಂದ ನೋಟ ಕೈ ಮಾಡುವವರಿಲ್ಲದ ಸ್ಟಾಪಿನಲ್ಲಿ ಬಸ್ಸು ಹೋದಂತೆ ಹೋಗಿಬಿಟ್ಟಿತು. ಪಕ್ಕದ ಪೂರ್ಣಶ್ರೀಯ ಮೇಲೆ ನಿಂತಿತು. ನಿಂತೇ ಇತ್ತು. ಮುಂದೆ ಹೋಯಿತು, ತಿರುಗಿ ಬಂತು, ಮತ್ತೆ ನಿಂತಿತು. ಮೂರು ಸಲ. ಪೂರ್ಣಶ್ರೀಯ ಕೆನ್ನೆ ಕೆಂಪಾದದ್ದನ್ನು ಸುಜಾತಾ ಕಂಡಳು. ಕಹಕಶಾನ್‌ ಕೂಡ ಕಂಡಳು, ಗದ್ದೆಮ್ಮನೂ ಕಂಡಳು.

ಮರಳಿ ಬರುವಾಗ, ನಿಮ್ಮ ಮನೆಯವರ ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು ಅನ್ನಿಸುತ್ತದೆ ಎಂದು ಕಹಕಶಾನ್ ಒಂದು ಮಾತು ಆಡಿದಳು. ಶಾಮಿಯಾನದ ಕೆಳಗೆ ಎಲ್ಲಿಯ ಬಿಸಿಲು?

ಮರುದಿನದಿಂದ ಪೂರ್ಣಶ್ರೀ ಮಲ್ಲಿಗೆ ಮುಡಿದು ಬರತೊಡಗಿದಳು. ಸುಜಾತಾ ಆ ಮಲ್ಲಿಗೆಯ ಮೊಗ್ಗು ಮೊಗ್ಗನ್ನೂ ದ್ವೇಷಿಸಿದಳು. ಮನೆಯಲ್ಲಿ ಗಂಡನ ಅಂಗಿ ಮೂಸಿದಳು, ಅವನು ಸ್ನಾನಕ್ಕೆ ಹೋದಾಗ ಫೋನು ತಿರುವಿದಳು, ಯಾರದಾದರೂ ಕರೆ ಬಂದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನೋಡಿದಳು. ಅದೇ ದಿನಗಳಲ್ಲಿ ಒಂದು ಹೊಸ ಸೋಜಿಗ ನಡೆಯಿತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅಡುಗೆಮನೆಯ ಕಡೆ ಇಣುಕಿಯೂ ನೋಡದವನು ರಾತ್ರಿ ಕೇಳದೆಯೇ ಬಂದು, ಮರುದಿನದ ಖಾರಕ್ಕೆಂದು ಬುಟ್ಟಿ ಎಳೆದುಕೊಂಡು ಬೆಳ್ಳುಳ್ಳಿ ಸುಲಿಯತೊಡಗಿದ. ಎರಡನೆಯ ದಿನವೂ ಸುಲಿದ, ಮೂರನೆಯ ದಿನವೂ ಸುಲಿದ. ತಪ್ಪು ಮಾಡಿದ ಗಂಡ ಹೀಗೇ ಮೆತ್ತಗಾಗುತ್ತಾನೆ ಎಂದು ಯಾವುದೋ ಕಂತಿನಲ್ಲಿ ಬಂದಿತ್ತು. ಸುಜಾತಾಳ ಸಂಶಯ ಖಾತ್ರಿಯಾಯಿತು.

ಎಂಟನೆಯ ದಿನ ಮಧ್ಯಾಹ್ನ ಕಚೇರಿಯಲ್ಲಿ ಡಬ್ಬಿ ಮುಚ್ಚಿಟ್ಟು, ‘ನೊಂದ ಜೀವ’ ಎಂಬ ಹೆಸರಿನಲ್ಲಿ ಕಾದಂಬರಿಗೆ ಒಂದು ಸ್ಟಾರ್ ಒತ್ತಿದಳು. ಅರ್ಧ ಸ್ಟಾರ್ ಇದ್ದಿದ್ದರೆ ಅದನ್ನೇ ಒತ್ತುತ್ತಿದ್ದಳು. ಕೆಳಗೆ ಮನಸ್ಸಿನಲ್ಲಿದ್ದುದನ್ನೆಲ್ಲ ಕಕ್ಕಿದಳು.

ಮಾರನೆಯ ದಿನ ಕಂತು ಮುಗಿಸಿದ ಕಹಕಶಾನ್ ಎಂದಿನಂತೆ ಅಭಿಪ್ರಾಯಗಳಿಗೆ ಬಂದಳು. ಸೂಪರ್, ಮುಂದಿನ ಕಂತು ಬೇಗ ಹಾಕಿ, ಶೌರ್ಯನಂಥ ಗಂಡ ಎಲ್ಲಿ ಸಿಗುತ್ತಾನೆ. ಆಮೇಲೆ ‘ನೊಂದ ಜೀವ’ ಬಂತು. ರೇಡಿಯೊದ ದನಿಯಲ್ಲೇ ಓದಿದಳು: “ಈ ಶೌರ್ಯ ನಂಬಿಕೆಗೆ ಯೋಗ್ಯನಲ್ಲ. ಕಟ್ಟಿಕೊಂಡ ಹೆಂಡತಿ ಎರಡನೇ ಸಾಲಿನಲ್ಲಿ ಎದುರಿಗೇ ಕೂತಿದ್ದರೂ ಅವಳ ಮೇಲೆ ಕಣ್ಣು ನಿಲ್ಲಿಸದೆ ಪಕ್ಕದವಳನ್ನು ಮೂರು ಸಲ ನೋಡುತ್ತಾನೆ. ಅವಳು ಬೆಳ್ಳಗಿದ್ದಾಳೆಂದೇ? ಇಂಥವನನ್ನು ಹೀರೊ ಮಾಡಿದವರಿಗೆ ನಾಚಿಕೆಯಾಗಬೇಕು.” ಎರಡನೇ ಸಾಲು ಅನ್ನುವಾಗಲೇ ಅವಳ ದನಿ ಇಳಿದಿತ್ತು, ಆದರೆ ಓದುವ ಚಟ ಬಿಡಲಿಲ್ಲ. ಕೆಳಗೆ ಲೇಖಕಿಯ ಉತ್ತರವಿತ್ತು: “ಅಕ್ಕಾ, ನನ್ನ ಶೌರ್ಯನಿಗೆ ಇನ್ನೂ ಮದುವೆಯೇ ಆಗಿಲ್ಲ. ನೀವು ಯಾರ ಬಗ್ಗೆ ಬರೆದಿರೋ ಅವರನ್ನೇ ಒಮ್ಮೆ ಕೇಳಿ ನೋಡಿ.”

ಗದ್ದೆಮ್ಮ ಕಣ್ಣು ತೆರೆದಳು. ಪೂರ್ಣಶ್ರೀ ಕೆಂಪು ಬ್ಯಾಗು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ಡ್ರೈವರನ ಹಿಂದಿನ ಸೀಟಿಗೆ ಹೋಗಿ ಕೂತಳು. ಸುಜಾತಾ ಕಿಟಕಿಯ ಹೊರಗೆ ಹತ್ತಿ ಹೊಲ ನೋಡುತ್ತ ಇಡೀ ದಾರಿ ಕಳೆದಳು. ನಾಚಿಕೆಯೂ ಇತ್ತು, ಉರಿಯೂ ಇತ್ತು. ಗಂಡನೂ ಕೈಬಿಟ್ಟ, ಬಸ್ಸೂ ಕೈಬಿಟ್ಟಿತು ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಅವತ್ತು ಸಾಹೇಬರಿಗೆ ಜ್ವರ. ಹುಲಿಗೇಶ ದೀಪ ಹಚ್ಚುವ ಹೊತ್ತಿಗೇ ಮನೆಗೆ ಬಂದು ಬೆಳ್ಳುಳ್ಳಿ ಬುಟ್ಟಿಯ ಮುಂದೆ ಕೂತಿದ್ದ. ಸುಜಾತಾ ನಿಂತಲ್ಲಿಂದಲೇ ಕೇಳಿದಳು.

“ಗೂಗಲ್‌ನಾಗ ನಾ ಕುಂತಿದ್ದೆ. ನೋಡಿದ್ರೇನ್ರಿ ನನ್ನ?”

“ನೋಡಿದೆ.”

“ಎಲ್ಲಿ ನೋಡಿದ್ರಿ? ಕಣ್ಣು ಹಾಯಿಸಿ ಮುಂದ ಹೋದ್ರಿ. ಪಕ್ಕದಾಕಿನ್ನ ಮೂರ ಸಲ ನೋಡಿದ್ರಿ. ನಾ ಕುರುಡಿ ಅಲ್ಲ.”

ಅವನು ಕೈ ನಿಲ್ಲಿಸಿ ನೆನಪು ಮಾಡಿಕೊಂಡ. ಎರಡನೇ ಸಾಲು, ಕೆಂಪು ಬ್ಯಾಗು, ಬಲಗೈಯಲ್ಲಿ ಕರಿ ಪಟ್ಟಿಯ ವಾಚು, ಆಕೆಯೇನು ಎಂದು ಕೇಳಿದ. ಮುಖ ಹೇಗಿತ್ತು ಹೇಳಿ ನೋಡೋಣ ಅಂದಳು ಸುಜಾತಾ. ಗೊತ್ತಿಲ್ಲ ಅಂದ. ಮುಖ ಯಾರು ನೋಡುತ್ತಾರೆ, ಮುಖ ನಕ್ಕೊಂಡೇ ಇರುತ್ತದೆ, ಮಾಡುವುದು ಕೈ. ಆರು ವರ್ಷದಿಂದ ತಾನು ನೋಡುವುದು ಬರೀ ಕೈ ಅಂದ. ಆ ಕೆಂಪು ಬ್ಯಾಗಿನವಳು ಬ್ಯಾಗಿನೊಳಗೆ ಇಳಿಸಿದ ಕೈಯನ್ನು ಹೊರಗೆ ತೆಗೆಯಲೇ ಇಲ್ಲ. ಇನ್ನೊಂದು ಗಳಿಗೆ ತೆಗೆಯದಿದ್ದರೆ ಮಹಿಳಾ ಪೊಲೀಸರನ್ನು ಕರೆದು ಆಕೆಯನ್ನು ಎಬ್ಬಿಸುವವನಿದ್ದ.

ಸುಜಾತಾಳಿಗೆ ನಗು ಬರಬೇಕಿತ್ತು. ಬರಲಿಲ್ಲ. “ಮತ್ತ ನನ್ನ?” ಅಂದಳು.

“ನಿನ್ನ ಕೈಯಾಗ ಹಸಿರು ಬಳಿ ಇದ್ವು. ಎಡಗೈ ಹೆಬ್ಬೆರಳಿಗೆ ಬಟ್ಟಿ ಸುತ್ತಿದ್ದಿ, ರಕ್ತ ಒಸರಿತ್ತು. ಬೆರಳು ಕೊಯ್ಕೊಂಡಾಳ, ಖಾರ ತಾಗಿದ್ರ ಉರೀತದ ಅಂತ ಅನ್ಕೊಂಡೆ. ನಿನ್ನಿಂದ ನಂಗ ಏನ್ ಅಂಜಿಕಿ? ಮುಂದಿನವರನ್ನ ನೋಡಿದೆ.”

ಅವಳು ತನ್ನ ಹೆಬ್ಬೆರಳು ನೋಡಿಕೊಂಡಳು. ಗಾಯ ಮಾಗಿತ್ತು. ಒಂಬತ್ತು ದಿನದಲ್ಲಿ ತಾನು ಒಂದೇ ಒಂದು ಬೆಳ್ಳುಳ್ಳಿ ಸುಲಿದಿರಲಿಲ್ಲ.

“ಅನುಮಾನ ಇದ್ದವರನ್ನ ಹೊಳ್ಳಿ ಹೊಳ್ಳಿ ನೋಡೋದು ನನ್ನ ಡ್ಯೂಟಿ,” ಅಂದ ಹುಲಿಗೇಶ, ತಲೆ ಎತ್ತದೆ. “ಒಂಬತ್ತ ದಿನದಿಂದ ನೀ ನನ್ನ ಹಂಗ ನೋಡಾಕತ್ತಿ ಸುಜಾತಾ. ಅಂಗಿ ಮೂಸಿದಿ, ಫೋನ್ ನೋಡಿದಿ. ನಾ ಏನೂ ಅನ್ಲಿಲ್ಲ. ನೋಡು, ಏನದ ನನ್ನ ಕೈಯಾಗ?”

ಎರಡೂ ಅಂಗೈ ಬಿಚ್ಚಿ ಮುಂದೆ ಹಿಡಿದ. ಸಿಪ್ಪೆ ಅಂಟಿಕೊಂಡಿತ್ತು, ಉಗುರ ಸಂದಿಯಲ್ಲಿ ಬೆಳ್ಳುಳ್ಳಿಯ ಘಾಟು ಇತ್ತು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಸುಜಾತಾ ಎದುರಿಗೆ ಕೂತು ಆ ಕೈಯ ಸಿಪ್ಪೆ ಬಿಡಿಸುತ್ತ ಬಹಳ ಹೊತ್ತು ಅತ್ತಳು.

ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಮಾತ್ರ ಅವಳ ಬಾಯಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು. ನಮ್ಮವರು ನಿಮ್ಮನ್ನು ನೋಡಿದ್ದು ಬಾಂಬು ಇಟ್ಟವಳೆಂದು ಟೀಚರೇ. ಅದನ್ನು ಹೇಳಿ ಪೂರ್ಣಶ್ರೀಯ ಮುಖ ಬಾಡುವುದನ್ನು ನೋಡಬೇಕು ಎಂಬ ಆಸೆ ಅವಳಿಗೆ ಬೆಲ್ಲದಷ್ಟು ಸಿಹಿಯಾಗಿತ್ತು. ಬಸ್ಸು ಹತ್ತಿ ನೆಟ್ಟಗೆ ಡ್ರೈವರನ ಹಿಂದಿನ ಸೀಟಿಗೆ ಹೋಗಿ ಆಕೆಯ ಪಕ್ಕದಲ್ಲಿ ಕೂತಳು. ನಿನ್ನೆಯ ಅಭಿಪ್ರಾಯ ಬರೆದದ್ದು ನಾನೇ, ತಪ್ಪಾಯಿತು ಅಂದಳು. ಪೂರ್ಣಶ್ರೀ ಕೆಂಪು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು.

“ತಪ್ಪು ನಂದೂ ಅದ. ಅವರ ಫೋಟೋ ತೆಗೀಲಿಕ್ಕೆ ಬ್ಯಾಗಿನೊಳಗ ಫೋನ್ ಹುಡುಕಲಿಕತ್ತಿದ್ದೆ. ಅವರು ನೋಡಿದ್ರು, ಕೈ ಹೊರಗ ತೆಗೀಲೇ ಇಲ್ಲ. ನನ್ನ ಹಂಗ ಯಾರೂ ನೋಡಿದ್ದಿಲ್ಲರಿ ಸುಜಾತಾ.”

ಸುಜಾತಾಳ ಕಣ್ಣು ಆಕೆಯ ಕೈಗೆ ಹೋಯಿತು. ಬೆರಳುಗಳು ಬ್ಯಾಗಿನ ಪಟ್ಟಿಯನ್ನು ಹಿಂಡುತ್ತಿದ್ದವು, ಉಗುರಲ್ಲಿ ನಿನ್ನೆಯ ಸೀಮೆಸುಣ್ಣ ಹಾಗೇ ಇತ್ತು. ಇವತ್ತು ಮಲ್ಲಿಗೆ ಇರಲಿಲ್ಲ. ಸಿದ್ಧವಾಗಿದ್ದ ವಾಕ್ಯವನ್ನು ಸುಜಾತಾ ನುಂಗಿಕೊಂಡಳು. ನುಂಗುವಾಗ ಗಂಟಲು ಉರಿಯಿತು. ಉರಿಯಲಿ.

“ನಮ್ಮ ಮನಿಯವರು ಕೇಳಿದ್ರು,” ಅಂದಳು. “ಕೆಂಪು ಬ್ಯಾಗಿನಾಕಿ ಯಾರು ಅಂತ.”

ಪೂರ್ಣಶ್ರೀಯ ಕೆನ್ನೆ ಮತ್ತೆ ಕೆಂಪಾಯಿತು. ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಇಬ್ಬರೂ ಎದ್ದು ತಮ್ಮ ಹಳೆಯ ಸೀಟಿಗೆ ಬಂದರು. ಗದ್ದೆಮ್ಮ ಸ್ವಲ್ಪ ಸರಿದು ಜಾಗ ಕೊಟ್ಟಳು. ಕಹಕಶಾನ್ ಅರವತ್ತೆರಡನೆಯ ಕಂತು ಹಿಡಿದಳು.

ಅವಳು ಓದುತ್ತಿರುವಾಗಲೇ ಸುಜಾತಾ ತನ್ನ ಫೋನು ತೆಗೆದು ‘ನೊಂದ ಜೀವ’ದ ಒಂದು ಸ್ಟಾರನ್ನು ನಾಲ್ಕು ಮಾಡಿದಳು. ಐದನೆಯದರ ಮೇಲೆ ಬೆರಳಿಟ್ಟು, ಯೋಚಿಸಿ, ಹಿಂದೆ ತೆಗೆದಳು. ಇಷ್ಟು ಕಂತು ಮುಗಿದರೂ ಆ ಶೌರ್ಯ ಒಂದೇ ಒಂದು ದಿನ ಬೆಳ್ಳುಳ್ಳಿ ಸುಲಿದಿರಲಿಲ್ಲ.