ತಣಿಯುವ ಮೊದಲು ತೆರೆದ ಬಾಗಿಲು

ಆನ್ಸಿಲ್ಲಾ ಮೇಡಂ ತಾವು ಮಾಡಿದ ಯಾವುದನ್ನೂ ನಂಬುವುದಿಲ್ಲ. ಮಕ್ಕಳ ಸೋತ ಪಾದಕ್ಕೆ ಆಸರೆಯಾಗುವ ಬ್ರೇಸುಗಳನ್ನು ರೂಪಿಸುವ ಅವರು, ಮುಗಿದ ಬ್ರೇಸನ್ನು ಕಿವಿಯ ಬಳಿ ಹಿಡಿದು, ಉಗುರಿನಿಂದ ತಟ್ಟಿ, ಸುಳ್ಳುಸಾಕ್ಷಿ ಕೇಳುವ ವಕೀಲರಂತೆ ಹುಬ್ಬು ಗಂಟಿಕ್ಕುತ್ತಾರೆ. ಜೇಬು ಸುಟ್ಟ ನೀಲಿ ಕೋಟು, ನೆಲದೊಡನೆ ಜಗಳ ಹೂಡಿದಂಥ ನಡಿಗೆ. ಉದ್ಯಾವರದ ಆ ವರ್ಕ್‌ಶಾಪಿನಲ್ಲಿ ನಗುವ ಹೊಣೆಯನ್ನೆಲ್ಲ ಅವರ ತಮ್ಮ ಆಸ್ಟಿನ್ ಹೊತ್ತಿದ್ದಾರೆ.

ನನ್ನ ಮಗಳು ಧೃತಿಯ ಎಡಪಾದ ಹುಟ್ಟಿನಿಂದಲೇ ಬಲಹೀನ. ಬೇರೆಲ್ಲೋ ಮಾಡಿಸಿದ ಮೊದಲ ಬ್ರೇಸು ಅಂಗನವಾಡಿಯ ಮೆಟ್ಟಿಲಲ್ಲಿ ಸೀಳಿಹೋಗಿ, ಮಗುವಿನ ಗದ್ದಕ್ಕೆ ಹೊಲಿಗೆ ಬಿದ್ದಿತ್ತು. ಹಾಗಾಗಿ ಇಲ್ಲಿಗೆ ಬಂದೆವು.

“ಇದು ನೈಲಾನ್ ಪದರಗಳು, ಒಳಗೆ ಕಾರ್ಬನ್ ಎಳೆ,” ಎಂದಿದ್ದರು ಮೇಡಂ. “ಓವನ್ನಿನಲ್ಲಿ ನಿಧಾನ ಕಾಯಬೇಕು, ಬಾಗಿಲು ಮುಚ್ಚಿಯೇ ತಣಿಯಬೇಕು. ಆಗಲೇ ಒಳಗಿನ ಬಿಗುವು ಇಳಿದು ಪದರಕ್ಕೆ ಪದರ ಹಿಡಿಯುವುದು.”

ಹೊಸ ಬ್ರೇಸು ಒಯ್ಯಲು ಬಂದ ದಿನ ಅವರು ಊಟಕ್ಕೆ ಹೋಗಿದ್ದಾಗ, ಕಾದು ಕಾದು ಮಗು ರಚ್ಚೆ ಹಿಡಿದದ್ದನ್ನು ಕಂಡು ಮರುಗಿದ ಆಸ್ಟಿನ್ ಓವನ್ನಿನ ಬಾಗಿಲು ತೆರೆದು, ಬಿಸಿ ಬ್ರೇಸನ್ನು ಫ್ಯಾನಿನಡಿ ಇಟ್ಟರು. ಆರಿದ ಮೇಲೆ ಧೃತಿ ಅದನ್ನು ಎದೆಗವಚಿಕೊಂಡಳು. ಮೇಡಂ ಬಂದವರೇ ಕಿತ್ತುಕೊಂಡು ತಟ್ಟಿದರು.

“ಬಾಗಿಲು ತೆರೆದದ್ದು ಯಾರು?”

“ಎಂತ ಅಕ್ಕ, ನೋಡ್ಲಿಕ್ಕೆ ಸರಿಯೇ ಉಂಟಲ್ಲ!” ಎಂದರು ಆಸ್ಟಿನ್.

“ನೋಡ್ಲಿಕ್ಕೆ ನೀನೂ ಸರಿಯೇ ಇದ್ದಿ ಮಾರಾಯ!”

ಮೇಜಿನ ಅಂಚಿಗೆ ಒತ್ತಿ ಬಾಗಿಸಿದರು. ಹಿಮ್ಮಡಿಯ ತಿರುವಿನಲ್ಲಿ ಬ್ರೇಸು ಪದರುಪದರಾಗಿ ಬಿಟ್ಟುಕೊಂಡಿತು. ಧೃತಿ ಚೀರಿದಳು. ನನಗೆ ಮೈಯೆಲ್ಲ ಉರಿಯಿತು.

“ಮಗುವಿನ ಕಣ್ಣೆದುರೇ ಮುರಿಯಬೇಕಿತ್ತಾ? ನಿಮಗೆ ಮಕ್ಕಳ ಮನಸ್ಸು ಎಂತ ಅಂತ ಗೊತ್ತುಂಟಾ?”

“ಬೈಯಿರಿ,” ಎಂದರು ಮೇಡಂ, ಚೂರುಗಳನ್ನು ಹೆಕ್ಕುತ್ತ. “ಇಲ್ಲಿ ಮುರಿದರೆ ಅಳು ಮಾತ್ರ.”

ಮನೆಗೆ ಮರಳುವ ಕಾಪುವಿನ ಬಸ್ಸಿನಲ್ಲಿ ಧೃತಿ ಬರಿಗಾಲನ್ನು ನನ್ನ ಮಡಿಲಿಗೆ ಚಾಚಿ ಬಿಕ್ಕುತ್ತಲೇ ಇದ್ದಳು. ಅವಳ ಗದ್ದದ ಕಲೆಯನ್ನು ಸವರಿದೆ; ಸಿಟ್ಟು ಮಾತ್ರ ಇಳಿಯಲಿಲ್ಲ.

ಇಂಥವರು ಲೋಕಕ್ಕೆ ಬೇಕೇ ಬೇಕು, ಆದರೆ ಪ್ರೀತಿಸೆಂದರೆ ಕಷ್ಟ. ಕಾರುಣ್ಯವೆಂದರೆ ಕಣ್ಣೀರೊರೆಸುವುದೆಂದೇ ನಂಬಿದ ನಮಗೆ, ಬೀಳದಂತೆ ನೋಡಿಕೊಳ್ಳುವವರ ಕಾರುಣ್ಯ ಕ್ರೌರ್ಯದಂತೆಯೇ ಕಾಣುತ್ತದೆ. ಅವರು ಅದನ್ನು ವಿವರಿಸುವುದೂ ಇಲ್ಲ, ಕ್ಷಮೆ ಕೇಳುವುದೂ ಇಲ್ಲ. ಮುಂದಿನ ವಾರ ಮತ್ತೆ ಉದ್ಯಾವರದಲ್ಲಿ ಇಳಿಯುತ್ತೇನೆ, ಇದೇ ಸಿಟ್ಟಿನಲ್ಲಿ. ಧೃತಿಯ ಕಾಲನ್ನು ಆಸ್ಟಿನ್ನರ ಒಳ್ಳೆಯತನಕ್ಕೆ ಒಪ್ಪಿಸಲಾರೆ.